ಫಿಜಿಶಿಯನ್ ಅಸಿಸ್ಟೆಂಟ್ ಗೌತಮನ ಪರ ನನ್ನ ವಕಾಲತ್ತು

ಹಿಂದೆ ನನ್ನ ಕೈಕೆಳಗೆ ಕೆಲಸ ಕಲಿತ ವೈದ್ಯನೊಬ್ಬ ಈಗ ಗೌರಿಬಿದನೂರಿನಲ್ಲಿ ಸಣ್ಣದೊಂದು ಆಸ್ಪತ್ರೆ ನಡೆಸುತ್ತಿದ್ದಾನೆ. ಈಚೆಗೆ ಫೋನ್ ಮಾಡಿ, "ಮೇಡಂ, ಫಿಜಿಶಿಯನ್ ಅಸಿಸ್ಟೆಂಟ್ ಓದಿದ ಹುಡುಗಿ ಒಬ್ಬಳು ಕೆಲಸ ಕೇಳ್ಕೊಂಡು ಬಂದಿದ್ದಾಳೆ. ಇಟ್ಕೊಂಡು ಏನು ಮಾಡಿಸೋದು, ಏನು ಮಾಡಿಸಬಾರದು, ಒಂದೂ ಗೊತ್ತಾಗ್ತಿಲ್ಲ. ನೀವು ಇದಕ್ಕೋಸ್ಕರ ವರ್ಷಗಟ್ಟಲೆ ಜಗಳ ಆಡಿದೋರು, ಸ್ವಲ್ಪ ಹೇಳಿ" ಎಂದ. ಫೋನಿನಲ್ಲೇ ಹೇಳಲು ಹೋದೆ. ಅರ್ಧಕ್ಕೆ ಬರುವಷ್ಟರಲ್ಲಿ ಆಯಾಸವಾಯಿತು. ಬರೆದು ಕಳಿಸುತ್ತೇನೆ ಎಂದು ಫೋನ್ ಇಟ್ಟೆ. ಅವನಿಗೆ ಮಾತ್ರವಲ್ಲ, ಈ ಕೆಲಸಕ್ಕೆ ಈಗಷ್ಟೇ ಬರುತ್ತಿರುವ ಹುಡುಗ ಹುಡುಗಿಯರಿಗೂ, ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಲಿರುವ ಡಾಕ್ಟರುಗಳಿಗೂ ಇದು.

ನಾನು ಮೇಲೂರಿನವಳು. ಮನೆಯವರು ಜಮೀನು ನೋಡಿಕೊಂಡಿದ್ದವರು. ನಾನು ಎಂಬಿಬಿಎಸ್ ಮುಗಿಸಿ, ಮೇಲೆ ಜನರಲ್ ಮೆಡಿಸಿನ್ ಓದಿ ಸರ್ಕಾರಿ ಕೆಲಸಕ್ಕೆ ಸೇರಿದೆ. ಈ ಜಿಲ್ಲೆಯ ತಾಲ್ಲೂಕುಗಳನ್ನೇ ಸುತ್ತಿಕೊಂಡು ನಿವೃತ್ತಳಾದೆ. ಆಮೇಲೆ ಸುಮ್ಮನೆ ಕೂರಲಾಗದೆ ಚಿಕ್ಕಬಳ್ಳಾಪುರದ ಒಂದು ಟ್ರಸ್ಟ್ ಆಸ್ಪತ್ರೆಗೆ ಹೋದೆ. ಬಡ್ತಿ, ಸನ್ಮಾನ ಇತ್ಯಾದಿ ಬಿಟ್ಟುಬಿಡುತ್ತೇನೆ. ಅವು ಯಾರಿಗೂ ಉಪಯೋಗವಿಲ್ಲ.

ಮೊದಲು ಒಂದು ಹಳೆಯ ಸಂಗತಿ. ಹೆಸರು ಹೇಳದ ಒಂದು ಊರಿನ ಆಸ್ಪತ್ರೆಯಲ್ಲಿ ನನಗಿಂತ ಹಿರಿಯರಾದ ಡಾಕ್ಟರೊಬ್ಬರು ನನ್ನ ಮೇಲಧಿಕಾರಿ. ಒಳ್ಳೆಯ ಮನುಷ್ಯ, ಕೈಗುಣವೂ ಚೆನ್ನಾಗಿತ್ತು. ಆದರೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಜನ ಕಾಂಪೌಂಡಿನ ಆಚೆಯವರೆಗೂ ನಿಂತಿರುತ್ತಿದ್ದರು. ನಾವು ಇಬ್ಬರು ಡಾಕ್ಟರು. ಹಾಗಾಗಿ ಗಾಯಕ್ಕೆ ಹೊಲಿಗೆ ಹಾಕುವುದು, ಇಂಜೆಕ್ಷನ್ ಕೊಡುವುದು ಎಲ್ಲವನ್ನೂ ಮುನಿಶಾಮಪ್ಪ ಎಂಬ ವಾರ್ಡ್ ಅಟೆಂಡರ್ ಮಾಡುತ್ತಿದ್ದರು. ಅವರು ಯಾವ ಕೋರ್ಸೂ ಓದಿದವರಲ್ಲ. ನೋಡಿ ನೋಡಿ ಕಲಿತದ್ದು. ನಾನು ಸೇರಿದ ಹೊಸತರಲ್ಲಿ ಆಕ್ಷೇಪ ಎತ್ತಿದೆ. ಮೇಲಧಿಕಾರಿ ನಕ್ಕು, "ನೋಡಮ್ಮಾ, ಆಸ್ಪತ್ರೆ ನಡೀಬೇಕು ಅಂದ್ರೆ ಕೆಲವನ್ನ ನೋಡಿಯೂ ನೋಡದಂಗೆ ಇರ್ಬೇಕು" ಎಂದರು.

ಒಂದು ದಿನ ಜ್ವರ ಬಂದ ಮಗುವಿಗೆ ಮುನಿಶಾಮಪ್ಪ ಸೊಂಟದ ಕೆಳಗೆ ಇಂಜೆಕ್ಷನ್ ಕೊಟ್ಟರು. ಕೊಡಬಾರದ ಜಾಗಕ್ಕೆ ಸೂಜಿ ತಗುಲಿ ನರಕ್ಕೆ ಪೆಟ್ಟಾಯಿತು. ಮಗುವಿನ ಪಾದ ಸೋತು ಜೋತುಬಿತ್ತು. ತಾಯಿ ಅದನ್ನು ಎತ್ತಿಕೊಂಡು ಬಂದು ನನ್ನ ಟೇಬಲ್ಲಿನ ಮೇಲೆ ಕೂರಿಸಿದಳು. "ಇದು ಯಾಕಮ್ಮಾ ಹಿಂಗೆ ಕಾಲು ಎಳೀತದೆ?" ಎಂದು ಕೇಳಿದಳು. ವಿಚಾರಣೆ ಎನ್ನುವುದೂ ಆಯಿತು. ಇಂಜೆಕ್ಷನ್ ಯಾರು ಕೊಟ್ಟರು ಎಂಬ ಪ್ರಶ್ನೆಗೆ ಉತ್ತರವೇ ಸಿಗಲಿಲ್ಲ, ಯಾಕೆಂದರೆ ಕಾಗದದ ಮೇಲೆ ಮುನಿಶಾಮಪ್ಪ ಇಂಜೆಕ್ಷನ್ ಕೊಡುವವರೇ ಅಲ್ಲ! ಅವರ ಕೆಲಸ ನೆಲ ಒರೆಸುವುದು, ಸ್ಟ್ರೆಚರ್ ತಳ್ಳುವುದು. ಹೀಗೆ ಯಾರ ಮೇಲೂ ಹೊಣೆ ಬೀಳಲಿಲ್ಲ. ಆ ಮಗು ಗೋಡೆ ಹಿಡಿದು ನಡೆಯುವುದನ್ನು ನಾನು ಆಮೇಲೂ ನೋಡುತ್ತಿದ್ದೆ. ಮುನಿಶಾಮಪ್ಪ ಅದರ ನಂತರ ಸೂಜಿ ಮುಟ್ಟಲಿಲ್ಲ. ಮಾತೂ ಕಡಿಮೆಯಾಯಿತು.

ಡಾಕ್ಟರಿಗೆ ಸಹಾಯಕರು ಯಾವ ಕಾಲದಲ್ಲೂ ಇದ್ದರು ಎನ್ನುವುದಕ್ಕೆ ಇದನ್ನು ಹೇಳಿದೆ. ಕಾಂಪೌಂಡರ್, ಡ್ರೆಸ್ಸರ್, ವಾರ್ಡ್ ಬಾಯ್ ಎಂದೆಲ್ಲ ಕರೆಯುತ್ತಿದ್ದೆವು. ಅವರಿಗೆ ಕಲಿಸಿದವರಿಲ್ಲ, ಅವರು ಮಾಡಿದ್ದಕ್ಕೆ ಸಹಿ ಹಾಕುವವರಿಲ್ಲ. ನಾನು ಮುಂದೆ ಫಿಜಿಶಿಯನ್ ಅಸಿಸ್ಟೆಂಟ್ ಪರವಾಗಿ ಬಾಯಿ ಮಾಡಲು ಕಾರಣ ಹೊಸದರ ಮೇಲಿನ ಮೋಹವಲ್ಲ. ಹಳೆಯದನ್ನು ಕಣ್ಣಾರೆ ಕಂಡಿದ್ದೆ, ಅಷ್ಟೆ.

ಟ್ರಸ್ಟ್ ಆಸ್ಪತ್ರೆಗೆ ಗೌತಮ ಬಂದಾಗ ಅವನನ್ನು ಎಲ್ಲಿ ಕೂರಿಸಬೇಕು ಎಂದು ಯಾರಿಗೂ ತಿಳಿಯಲಿಲ್ಲ. ತೊಂಡೇಬಾವಿಯವನು, ಮೇಷ್ಟ್ರ ಮಗ. ಬೌದ್ಧ ಕುಟುಂಬ. ರೈಲ್ವೆ ಸ್ಟೇಷನ್ನಿನ ಹತ್ತಿರ ಬೆಳೆದವನಾದ್ದರಿಂದ ಕನ್ನಡ, ತೆಲುಗು, ಉರ್ದು ಮೂರೂ ಬಾಯಲ್ಲಿ ಸಲೀಸು. ಬೆಂಗಳೂರಿನಲ್ಲಿ ಫಿಜಿಶಿಯನ್ ಅಸಿಸ್ಟೆಂಟ್ ಬಿಎಸ್ಸಿ ಮುಗಿಸಿ ಬಂದಿದ್ದ. ಡಾಕ್ಟರ ಮೇಲ್ವಿಚಾರಣೆಯಲ್ಲಿ ರೋಗಿಯ ಪೂರ್ವಾಪರ ಕೇಳಿ ಬರೆದುಕೊಳ್ಳುವುದು, ಪರೀಕ್ಷೆ ಮಾಡುವುದು, ಡಾಕ್ಟರು ಹೇಳಿದ ಚಿಕಿತ್ಸೆ ಹೇಗೆ ನಡೆಯುತ್ತಿದೆ ಎಂದು ಕಾದು ನೋಡುವುದು ಅವನ ವಿದ್ಯೆ. ತಾನಾಗಿ ರೋಗ ನಿರ್ಧರಿಸುವಂತಿಲ್ಲ, ತಾನಾಗಿ ಔಷಧಿ ಬರೆಯುವಂತಿಲ್ಲ.

ನರ್ಸುಗಳ ಮೇಲ್ವಿಚಾರಕಿ ಸಿಸ್ಟರ್ ಮೇರಿಯಮ್ಮ ಮೊದಲ ದಿನವೇ ನನ್ನ ಕೋಣೆಗೆ ಬಂದರು. "ಮೇಡಂ, ನಮ್ಮ ಹುಡುಗೀರಿಗೆ ಈ ಹುಡುಗ ಆರ್ಡರ್ ಕೊಡ್ತಾನಾ? ಇಲ್ಲ ನಾವು ಅವನಿಗೆ ಕೊಡೋದಾ? ಅದೊಂದು ಹೇಳ್ಬಿಡಿ."

"ಇಬ್ಬರೂ ಕೊಡೋದು ಬೇಡ ಸಿಸ್ಟರ್. ಕೊಡೋದು ನಾನು" ಎಂದೆ.

"ಹಂಗಾದ್ರೆ ಸರಿ" ಎಂದು ಹೋದರು. ಸರಿಯೇನೂ ಆಗಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಅವನ ಟೀ ಅವನೇ ತಂದುಕೊಳ್ಳಬೇಕಾಯಿತು. ಡಾಕ್ಟರುಗಳ ಕೋಣೆಯಲ್ಲಿ ಅವನು ಕೂರುವಂತಿರಲಿಲ್ಲ, ನರ್ಸುಗಳ ಕೋಣೆಗೆ ಹೋದರೆ ಅವರು ಮಾತು ನಿಲ್ಲಿಸುತ್ತಿದ್ದರು. ಊಟದ ಡಬ್ಬಿ ಹಿಡಿದುಕೊಂಡು ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನಲ್ಲಿ ತಿನ್ನುತ್ತಿದ್ದ. ಇದರಲ್ಲಿ ಎಷ್ಟು ಕೆಲಸದ ಹೆಸರಿನಿಂದ, ಎಷ್ಟು ಅವನ ಮನೆತನದ ಹೆಸರಿನಿಂದ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಮ್ಮ ಊರುಗಳಲ್ಲಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮಧ್ಯಾಹ್ನ ನಾನೂ ನನ್ನ ಡಬ್ಬಿ ತೆಗೆದುಕೊಂಡು ಹೋಗಿ ಆ ಬೆಂಚಿನಲ್ಲಿ ಕೂತೆ. ಮರುದಿನವೂ ಕೂತೆ. ವಾರ ಕಳೆಯುವಷ್ಟರಲ್ಲಿ ಮೇರಿಯಮ್ಮನೇ ಬಂದು, "ಏನ್ ಮೇಡಂ ಇದು, ಬಿಸಿಲಲ್ಲಿ ಕೂತ್ಕೊಂಡು! ಒಳಗೆ ಬನ್ನಿ, ಅವನನ್ನೂ ಕರ್ಕೊಂಡು ಬನ್ನಿ" ಎಂದರು.

ರೋಗಿಗಳದ್ದು ಇನ್ನೊಂದು ತಮಾಷೆ. ಗೌತಮ ಎತ್ತರದ ಆಳು. ನಾನು ಕುಳ್ಳಿ, ತಲೆ ನರೆತವಳು, ಹತ್ತಿ ಸೀರೆಯವಳು. ಹೊಸಬರು ಬಂದರೆ ಅವನಿಗೆ ಕೈ ಮುಗಿದು "ನಮಸ್ಕಾರ ಡಾಕ್ಟ್ರೇ" ಎನ್ನುತ್ತಿದ್ದರು, ನನ್ನ ಕಡೆ ತಿರುಗಿ "ಸಿಸ್ಟರ್, ಸ್ವಲ್ಪ ಆ ಕಡೆ ನಿಂತ್ಕೊಳ್ರಮ್ಮಾ" ಎನ್ನುತ್ತಿದ್ದರು. ನಗು ಬರುತ್ತಿತ್ತು. ಆದರೆ ನಕ್ಕು ಬಿಡುವ ವಿಷಯ ಅದಲ್ಲ. ಅವನನ್ನು ಡಾಕ್ಟರೆಂದು ಒಬ್ಬ ರೋಗಿ ನಂಬಿಹೋದರೂ ನಾವು ಮುನಿಶಾಮಪ್ಪನ ಕಾಲಕ್ಕೇ ಹಿಂತಿರುಗಿದಂತೆ. ಅದಕ್ಕೇ ಒಂದು ಮಾತು ಕಟ್ಟುನಿಟ್ಟು ಮಾಡಿದೆ. ಯಾವ ರೋಗಿಯ ಹತ್ತಿರ ಹೋದರೂ ಅವನು ಮೊದಲು ಹೇಳಬೇಕಾದ್ದು: "ನಾನು ಗೌತಮ, ಡಾಕ್ಟರ್ ಅಲ್ಲ. ಡಾಕ್ಟ್ರಮ್ಮನ ಸಹಾಯಕ. ನೀವು ಹೇಳಿದ್ದನ್ನ ಅವರಿಗೆ ಹೇಳ್ತೀನಿ, ಅವರು ಬಂದು ನೋಡ್ತಾರೆ." ಪ್ರತಿ ಸಲ "ಡಾಕ್ಟರ್ ಅಲ್ಲ" ಎನ್ನುವುದು ಇಪ್ಪತ್ತು ದಾಟಿದ ಹುಡುಗನಿಗೆ ಸುಲಭವಲ್ಲ. ಅವನು ಹೇಳಿದ. ಕೆಲವರು ಮುಖ ತಿರುಗಿಸಿದರು. "ಹಂಗಾದ್ರೆ ನೀನ್ಯಾಕಪ್ಪಾ ಮುಟ್ತೀಯ?" ಎಂದವರೂ ಇದ್ದರು.

ಅವನಿಂದ ಏನು ಪ್ರಯೋಜನವಾಯಿತು ಎಂದು ಕೇಳುವವರಿಗೆ ಶಂಶಾದ್ ಬೀ ಅವರ ವಿಷಯ ಹೇಳುತ್ತೇನೆ. ಚಿಂತಾಮಣಿ ಕಡೆಯ ಮುದುಕಿ. ಮೊದಲಿನಿಂದ ಮೂರ್ಛೆ ರೋಗ, ಮಾತ್ರೆಯಲ್ಲಿ ಹತೋಟಿಯಲ್ಲಿತ್ತು. ಇದ್ದಕ್ಕಿದ್ದಂತೆ ಪದೇ ಪದೇ ಬರತೊಡಗಿತು. ಮುರುಗಮಲ್ಲದ ದರ್ಗಾದಲ್ಲಿ ಕೆಲವು ದಿನ ಇದ್ದರು, ಅಲ್ಲೂ ಬಂತು. ಮಗ ಅನ್ವರ್ ಆಟೋ ಓಡಿಸುವವನು, ನಮ್ಮಲ್ಲಿಗೆ ಕರೆತಂದ. ನಾನು ನೋಡಿದೆ, ಮಾತ್ರೆಯ ಪ್ರಮಾಣ ಹೆಚ್ಚಿಸಿದೆ. ಮತ್ತೆ ಬಂತು. ಇನ್ನೂ ಹೆಚ್ಚಿಸಿದೆ. ಮತ್ತೆ ಬಂತು. ಸ್ಕ್ಯಾನ್‌ಗೆ ಬೆಂಗಳೂರಿಗೆ ಕಳಿಸುವ ಯೋಚನೆಯಲ್ಲಿದ್ದೆ. ನನ್ನ ಬಾಗಿಲ ಹೊರಗೆ ಆ ಹೊತ್ತಿಗೆ ಕಾಲಿಡಲು ಜಾಗವಿರಲಿಲ್ಲ. ಗೌತಮನಿಗೆ, "ಹೋಗಿ ಇನ್ನೊಂದು ಸಲ ಮೊದಲಿಂದ ಕೇಳ್ಕೊಂಡು ಬಾ" ಎಂದೆ.

ಅವನು ಮುದುಕಿಯನ್ನು ಮಗನಿಂದ ಬೇರೆ ಕೂರಿಸಿ ಮಾತಿಗೆಳೆದ. ಊರು, ಬಂಧು, ಮೊಮ್ಮಕ್ಕಳು. ಮೊಮ್ಮಗಳ ಮದುವೆ ಮಾತು ಬಂತು. ಮುದುಕಿ ಅಳಲು ಶುರುಮಾಡಿದರು. ಮೊಮ್ಮಗಳಿಗೂ ಮೂರ್ಛೆ ಬರಲು ಶುರುವಾಗಿತ್ತು. ನಿಶ್ಚಯವಾದ ಮದುವೆ ಮುರಿದೀತೆಂದು ಮನೆಯಲ್ಲಿ ಯಾರಿಗೂ ಹೇಳದೆ ಅಜ್ಜಿ ತನ್ನ ಮಾತ್ರೆಯಲ್ಲಿ ಮುಕ್ಕಾಲು ಪಾಲು ಅವಳಿಗೆ ನುಂಗಿಸುತ್ತಿದ್ದರು. ನಾನು ಮಾತ್ರೆ ಹೆಚ್ಚಿಸಿದಷ್ಟೂ ಮೊಮ್ಮಗಳಿಗೆ ಹೆಚ್ಚಾಗುತ್ತಿತ್ತು.

ಗೌತಮ ಬಂದು ಹೇಳಿದಾಗ ನಾನು ಅಜ್ಜಿಯ ಪಕ್ಕ ಹೋಗಿ ಕೂತೆ. "ಮದುವೆ ಹೋಗ್ಬಿಟ್ರೆ ಹುಡುಗಿ ಗತಿ ಏನು ಡಾಕ್ಟ್ರಮ್ಮಾ? ನಂದು ಆಯ್ತು, ನಾನ್ ಸತ್ರೂ ಪರವಾಗಿಲ್ಲ" ಎಂದರು.

"ಅವಳು ಮದುವೆ ಮಂಟಪದಲ್ಲೇ ಬಿದ್ರೆ ಏನಮ್ಮಾ ಗತಿ? ಕರ್ಕೊಂಡು ಬನ್ನಿ. ಅವಳಿಗೆ ಎಷ್ಟು ಬೇಕೋ ಅಷ್ಟು ಅವಳಿಗೇ ಕೊಡ್ತೀನಿ. ದರ್ಗಾಕ್ಕೂ ಹೋಗಿ, ಮಾತ್ರೆನೂ ನುಂಗಿ. ಎರಡಕ್ಕೂ ಜಗಳ ಇಲ್ಲ."

ಹುಡುಗಿ ಬಂದಳು. ಗಂಡಿನ ಕಡೆಯವರಿಗೆ ವಿಷಯ ತಿಳಿಸುವಂತೆ ಅನ್ವರನನ್ನು ಒಪ್ಪಿಸಿದ್ದೂ ಆಯಿತು. ಅವರು ಮದುವೆ ಮುರಿದರು. ಮರುವರ್ಷ ಬೇರೆ ಕಡೆ, ಎಲ್ಲ ಹೇಳಿಯೇ, ಮದುವೆಯಾಯಿತು. ಇದರಲ್ಲಿ ಗೌತಮನ ಪವಾಡವೇನೂ ಇಲ್ಲ. ಅವನು ಕೇಳಿದ ಪ್ರಶ್ನೆಗಳು ನನಗೂ ಗೊತ್ತಿದ್ದವು. ಅವನಿಗೆ ಅವನ್ನು ಕೇಳಲು ಹೊತ್ತಿತ್ತು, ನನಗೆ ಇರಲಿಲ್ಲ. ಒಬ್ಬ ಡಾಕ್ಟರಿಗೆ ಇನ್ನೊಂದು ಜೊತೆ ಕಿವಿ ಬಂದರೆ ಏನಾಗುತ್ತದೆ ಎನ್ನುವುದು ಅಷ್ಟೇ.

ಇದನ್ನೇ ಚಿಂತಾಮಣಿಯಲ್ಲಿ ಸುತ್ತಲಿನ ಡಾಕ್ಟರುಗಳು ಸೇರಿದ್ದ ಒಂದು ಸಭೆಯಲ್ಲಿ ಹೇಳಿದೆ. ಇವರನ್ನು ಆಸ್ಪತ್ರೆಗಳು ಸರಿಯಾದ ಹೆಸರಿನಲ್ಲಿ ತೆಗೆದುಕೊಳ್ಳಲಿ, ನಾವು ಅವರ ಕೆಲಸಕ್ಕೆ ಹೊಣೆ ಹೊರೋಣ, ನಾವು ಬಾಯಿ ಬಿಡದಿದ್ದರೆ ಇವರ ಪರವಾಗಿ ಬೇರೆ ಯಾರೂ ಬಿಡುವುದಿಲ್ಲ ಎಂದೆ. ಸರ್ಜನ್ ರಾಮಚಂದ್ರಾರೆಡ್ಡಿ ಎದ್ದು ನಿಂತರು. ನನಗಿಂತ ಹಿರಿಯರು, ಆ ಭಾಗದಲ್ಲಿ ಅವರ ಮಾತಿಗೆ ತೂಕ.

"ಏನಮ್ಮಾ ವಿಮಲಮ್ಮ, ನಾವು ಇಲ್ಲಿ ನಕಲಿ ಡಾಕ್ಟ್ರುಗಳನ್ನ ಓಡಿಸಿ ಓಡಿಸಿ ಸುಸ್ತಾಗಿದೀವಿ. ನೀನು ಅಸಲಿ ಸರ್ಟಿಫಿಕೇಟ್ ಕೊಟ್ಟು ಕೂರಿಸ್ತೀನಿ ಅಂತೀಯಲ್ಲಾ!"

ಸಭೆ ನಕ್ಕಿತು. ಅವರು ನಗಲಿಲ್ಲ. "ನಗೋ ಮಾತಲ್ಲ ಇದು. ಇವತ್ತು ಸಹಾಯಕ್ಕೆ ಅಂತ ತಗೊಳ್ತಾರೆ. ನಾಳೆ ಮ್ಯಾನೇಜ್‌ಮೆಂಟು ಏನನ್ನುತ್ತೆ? ಇವನೇ ಇದಾನಲ್ಲ, ಡಾಕ್ಟರ್ ಯಾಕೆ ಅನ್ನುತ್ತೆ. ಹಳ್ಳಿ ಜನಕ್ಕೆ ಅರ್ಧ ಡಾಕ್ಟರು ಸಾಕು ಅಂತ ನಾವೇ ಹೇಳಿದಂಗೆ ಆಗಲ್ವಾ?"

ನನ್ನ ಬಳಿ ಉತ್ತರ ಇತ್ತು, ಅಥವಾ ಇದೆ ಎಂದುಕೊಂಡಿದ್ದೆ. ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಊಟಕ್ಕೆ ಹೊತ್ತಾಗಿತ್ತು. ಬಸ್ಸಿನಲ್ಲಿ ಹಿಂತಿರುಗುವಾಗ ಮೈಕೈ ನೋವು. ಇಂಥ ಸಭೆಗಳಿಗೆ ನಾನು ಆಮೇಲೆಯೂ ಹೋದೆ. ಗೌರಿಬಿದನೂರಿನಲ್ಲಿ ಕೇಳಲು ಬಂದವರು ಕಡಿಮೆ, ಶಿಡ್ಲಘಟ್ಟದಲ್ಲಿ ಮೈಕು ಕೆಟ್ಟಿತ್ತು. ಒಂದೇ ಮಾತನ್ನು ಬೇರೆ ಬೇರೆ ಊರಿನಲ್ಲಿ ಹೇಳುವುದು ಎಷ್ಟು ದಣಿವಿನ ಕೆಲಸ ಎಂದು ರಾಜಕಾರಣಿಗಳ ಮೇಲೆ ಮರುಕ ಹುಟ್ಟಿತು.

ಇಷ್ಟರಲ್ಲಿ ವೆಂಕಟೇಶನ ಪ್ರಕರಣ ಬಂತು.

ಅವನು ಗುಲಾಬಿ ತೋಟಕ್ಕೆ ಔಷಧಿ ಹೊಡೆಯುವವನು. ಬೆನ್ನಿಗೆ ಕಟ್ಟಿಕೊಂಡ ಪಂಪು ಸೋರಿ ಅಂಗಿಯೆಲ್ಲ ನೆನೆದಿತ್ತು. ಬಿಸಿಲಿಗೆ ತಂಪಾಗಿದೆ ಎಂದು ಹಾಗೇ ಹೊಡೆಯುತ್ತ ಹೋಗಿದ್ದ. ಕೀಟನಾಶಕ ಚರ್ಮದ ಮೂಲಕ ಒಳಗಿಳಿದು, ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ, ಕಣ್ಣಿನ ಪಾಪೆ ಸಾಸಿವೆಯಷ್ಟಾಗಿ ನಮ್ಮಲ್ಲಿಗೆ ಬಂದ. ಅಣ್ಣ ನಾರಾಯಣಸ್ವಾಮಿ ಟೆಂಪೋದಲ್ಲಿ ಹಾಕಿಕೊಂಡು ತಂದಿದ್ದ. ಬಟ್ಟೆ ತೆಗೆಸಿ ಸೋಪಿನಲ್ಲಿ ಮೈ ತೊಳೆಸಿ ಅಟ್ರೋಪಿನ್ ಶುರು ಮಾಡಿದೆ. ಈ ವಿಷಕ್ಕೆ ಒಂದು ಇಂಜೆಕ್ಷನ್ ಕೊಟ್ಟು ಹೋಗುವಂತಿಲ್ಲ. ಪಕ್ಕದಲ್ಲೇ ಕೂತು ಎದೆಯ ಸದ್ದು, ನಾಡಿ, ಬೆವರು ನೋಡುತ್ತ ಔಷಧಿಯನ್ನು ಏರಿಸಬೇಕು, ಇಳಿಸಬೇಕು. ಯಾವಾಗ ಎಷ್ಟು ಎಂದು ನಾನು ಬರೆದುಕೊಟ್ಟೆ. ಕೂತು ನೋಡಿದವನು ಗೌತಮ. ಹೆಚ್ಚುಕಡಿಮೆ ಅನ್ನಿಸಿದಾಗಲೆಲ್ಲ ನನ್ನನ್ನು ಕರೆದ.

ಮರುದಿನ ವೆಂಕಟೇಶ ಕಣ್ಣು ತೆರೆದು ಹೆಂಡತಿಯ ಹೆಸರು ಹಿಡಿದು ಕೂಗಿದ. ನಾರಾಯಣಸ್ವಾಮಿ ಗೌತಮನ ಕೈ ಹಿಡಿದುಕೊಂಡು, "ಹೆಂಗೈತಪ್ಪಾ ಈಗ?" ಎಂದು ಕೇಳಿದ. ಗೌತಮನೂ ಖುಷಿಯಲ್ಲಿದ್ದ. "ಗಂಡಾಂತರ ಕಳೀತಣ್ಣ. ಎರಡು ದಿನದಲ್ಲಿ ಮನೆಗೆ ಕರ್ಕೊಂಡು ಹೋಗ್ಬೋದು" ಎಂದುಬಿಟ್ಟ.

ಈ ವಿಷ ಮೋಸಗಾರ. ಚೇತರಿಸಿಕೊಂಡ ಹಾಗೆ ಕಂಡ ಮೇಲೆ ಕೆಲವರಲ್ಲಿ ಕುತ್ತಿಗೆಯ, ಎದೆಯ ಸ್ನಾಯುಗಳು ಸೋಲುತ್ತವೆ. ಅದನ್ನು ನಾನು ಗೌತಮನಿಗೆ ಹೇಳಿಕೊಟ್ಟಿದ್ದೆ, ದಿಂಬಿನಿಂದ ತಲೆ ಎತ್ತಿಸಿ ನೋಡುತ್ತಿರು ಎಂದಿದ್ದೆ. ನೋಡುತ್ತಲೂ ಇದ್ದ. ಮಾರನೆಯ ಬೆಳಗ್ಗೆ ವೆಂಕಟೇಶನಿಗೆ ತಲೆ ಎತ್ತಲಾಗಲಿಲ್ಲ. ಗೌತಮ ಓಡಿ ಬಂದು, "ಮೇಡಂ, ಕುತ್ತಿಗೆ ಹೋಗಿದೆ" ಎಂದ. ನಾವು ಹೋಗುವಷ್ಟರಲ್ಲಿ ಉಸಿರು ಸಣ್ಣದಾಗುತ್ತಿತ್ತು. ಶ್ವಾಸನಾಳಕ್ಕೆ ಕೊಳವೆ ಹಾಕಿದೆ. ನಮ್ಮ ವೆಂಟಿಲೇಟರಿನಲ್ಲಿ ಬೇರೊಬ್ಬರಿದ್ದರು. ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದೆವು. ಡ್ಯೂಟಿ ಡಾಕ್ಟರ್ ಜೊತೆಗೆ ಹೋದರು. ದಾರಿಯುದ್ದಕ್ಕೂ ಕೈಯಲ್ಲಿ ಗಾಳಿಯ ಚೀಲ ಒತ್ತಿ ಉಸಿರು ಕೊಟ್ಟವನು ಗೌತಮ.

ಅವನು ಹಿಂತಿರುಗುವಾಗ ಆಸ್ಪತ್ರೆಯ ಗೇಟಿನಲ್ಲಿ ಜನ ಸೇರಿದ್ದರು. "ಡಾಕ್ಟ್ರಲ್ಲದವನ ಕೈಲಿ ಟ್ರೀಟ್‌ಮೆಂಟ್ ಕೊಡ್ಸಿ ನಮ್ ಹುಡುಗನ್ನ ಹಾಳ್ ಮಾಡಿದ್ರು" ಎಂಬ ಕೂಗು. ಟ್ರಸ್ಟಿನ ಕಾರ್ಯದರ್ಶಿ ಎಲ್ಲರನ್ನೂ ಒಳಗೆ ಕೂರಿಸಿದರು. ನಾರಾಯಣಸ್ವಾಮಿ, ಅವನ ಊರಿನ ಮುಖಂಡರೊಬ್ಬರು, ನಾನು. ಗೌತಮ ಗೋಡೆಗೆ ಒರಗಿ ನಿಂತಿದ್ದ.

"ಅವನು ಡಾಕ್ಟ್ರಾ ಅಲ್ವಾ, ಅದನ್ನ ಹೇಳಿ ಮೊದ್ಲು" ಎಂದರು ಮುಖಂಡರು.

"ಅಲ್ಲ" ಎಂದೆ.

"ಮತ್ತೆ ಆ ಡ್ರಿಪ್ ಮೇಲೆ ಅವನ ಕೈ ಯಾಕಿತ್ತು?"

"ನಾನು ಇಡು ಅಂದಿದ್ದಕ್ಕೆ ಇತ್ತು. ಯಾವ ಔಷಧಿ, ಎಷ್ಟು, ಯಾವಾಗ, ಎಲ್ಲಾ ನನ್ನ ತೀರ್ಮಾನ. ಅವನು ನಾನು ಹೇಳಿದ್ದು ಮಾಡಿದ್ದಾನೆ, ಸರಿಯಾಗಿ ಮಾಡಿದ್ದಾನೆ. ತಪ್ಪು ನಡೆದಿದ್ರೆ ಅದು ನಂದು. ಕೇಸು ಹಾಕೋದಿದ್ರೆ ನನ್ನ ಹೆಸರಿಗೆ ಹಾಕಿ."

ಕಾರ್ಯದರ್ಶಿ ನನ್ನ ಕಡೆ ಗಾಬರಿಯಿಂದ ನೋಡಿದರು. ಅಷ್ಟರಲ್ಲಿ ಗೌತಮ ಗೋಡೆ ಬಿಟ್ಟು ಮುಂದೆ ಬಂದ. "ಅಣ್ಣಾ, ಮನೆಗೆ ಹೋಗ್ಬೋದು ಅಂದಿದ್ದು ನಾನು. ಅದು ಮೇಡಂ ಹೇಳಿದ್ದಲ್ಲ. ನಾನು ಹೇಳಬಾರದಾಗಿತ್ತು."

ನಾರಾಯಣಸ್ವಾಮಿ ಅವನನ್ನೇ ನೋಡಿದ. ಅವನ ಸಿಟ್ಟೆಲ್ಲ ಆ ಒಂದು ಮಾತಿನ ಮೇಲೇ ನಿಂತಿತ್ತು ಎಂದು ನನಗೆ ಆಗ ತಿಳಿಯಿತು. "ನಿನ್ ಮಾತ್ ನಂಬ್ಕೊಂಡು ಊರಿಗೆಲ್ಲಾ ಹೇಳ್ಬಿಟ್ನಲ್ಲಪ್ಪಾ. ನಮ್ಮಮ್ಮ ಹೋಳಿಗೆಗೆ ಬೇಳೆ ಬೇಯಕ್ಕೆ ಇಟ್ಟಿದ್ಲು" ಎಂದ. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಮುಖಂಡರು ಗಡಿಯಾರ ನೋಡಿಕೊಂಡರು.

ಅವರು ಹೋದ ಮೇಲೆ ಕಾರ್ಯದರ್ಶಿ, "ಮೇಡಂ, ಹುಡುಗನನ್ನ ಕೆಲಸದಿಂದ ಬಿಡಿಸಿಬಿಡೋಣ. ಗಲಾಟೆ ತಣ್ಣಗಾಗುತ್ತೆ" ಎಂದರು.

"ಬಿಡಿಸೋದಾದ್ರೆ ನನ್ನಿಂದ ಶುರು ಮಾಡಿ" ಎಂದೆ. ವೀರಾವೇಶದಿಂದ ಹೇಳಿದ್ದಲ್ಲ. ನಿಜಕ್ಕೂ ಮನೆಗೆ ಹೋಗಿ ಮಲಗಬೇಕೆನಿಸಿತ್ತು.

ಅವನನ್ನು ಬಿಡಿಸಲಿಲ್ಲ. ವೆಂಕಟೇಶ ಬೆಂಗಳೂರಿನಲ್ಲಿ ಬಹಳ ದಿನ ವೆಂಟಿಲೇಟರಿನಲ್ಲಿದ್ದು ಬದುಕಿ ಬಂದ. ಅವನ ಮನೆಯವರು ಯಾರೂ ಮತ್ತೆ ನಮ್ಮಲ್ಲಿಗೆ ಬರಲಿಲ್ಲ, ಅದು ಅವರ ಹಕ್ಕು. ಗೌತಮ ಕೆಲವು ತಿಂಗಳು ರೋಗಿಗಳ ಸಂಬಂಧಿಕರ ಕಣ್ಣು ತಪ್ಪಿಸಿ ಓಡಾಡಿದ. ಕೊನೆಗೆ ಕರೆದು ಕೂರಿಸಿ, "ಸಮಾಧಾನ ಹೇಳಬೇಡ ಅಂತ ನಾನು ಹೇಳಲ್ಲಪ್ಪ. ನಿನ್ನ ಹತ್ರ ಇರೋ ಸಮಾಧಾನ ಹೇಳು, ಪಕ್ಕದಲ್ಲೇ ಇದೀನಿ ಅನ್ನು. ವಾಸಿ ಆಯ್ತು ಅನ್ನೋ ಮಾತು ನನ್ನ ಹತ್ರನೇ ಇಲ್ಲದಾಗ ನೀನು ಹೇಳಬೇಡ" ಎಂದೆ. ಅವನಿಗೆ ಎಷ್ಟು ಅರ್ಥವಾಯಿತೋ. ಮೆಲ್ಲಗೆ ಮೊದಲಿನಂತಾದ.

ಆ ಗಲಾಟೆಯಿಂದ ಒಂದು ಒಳ್ಳೆಯದಾಯಿತು, ಒಂದು ಕೆಟ್ಟದ್ದಾಯಿತು. ಸಹಾಯಕರು ಏನು ಮಾಡಬಹುದು, ಏನು ಮಾಡಬಾರದು, ಯಾವಾಗ ಡಾಕ್ಟರನ್ನು ಕರೆಯಲೇಬೇಕು ಎಂದು ನಾನು, ಮೇರಿಯಮ್ಮ, ಗೌತಮ ಮೂವರೂ ಕೂತು ನಿಯಮ ಮಾಡಿದೆವು. ಆಸ್ಪತ್ರೆ ಒಪ್ಪಿತು. ಒಪ್ಪಿದ್ದು ಮಾತ್ರವಲ್ಲ, ಮೆಚ್ಚಿತು. ಎಷ್ಟು ಮೆಚ್ಚಿತೆಂದರೆ ಇನ್ನೂ ಕೆಲವರು ಫಿಜಿಶಿಯನ್ ಅಸಿಸ್ಟೆಂಟುಗಳನ್ನು ತೆಗೆದುಕೊಂಡು, ಕೆಲಸ ಬಿಟ್ಟುಹೋದ ಡ್ಯೂಟಿ ಡಾಕ್ಟರ ಜಾಗವನ್ನು ಖಾಲಿಯೇ ಇಟ್ಟಿತು. "ನಿಮ್ಮ ಹುಡುಗರು ಇದಾರಲ್ಲ ಮೇಡಂ, ಏನಾದ್ರೂ ಆದ್ರೆ ಫೋನ್ ಮಾಡ್ತಾರೆ" ಎಂದರು ಕಾರ್ಯದರ್ಶಿ.

ರಾಮಚಂದ್ರಾರೆಡ್ಡಿಯವರ ಮಾತು ಕಣ್ಣೆದುರು ಬಂದು ನಿಂತಿತ್ತು. ಇಷ್ಟು ವರ್ಷ ಈ ಹುಡುಗರನ್ನು ಒಳಗೆ ಬಿಡಿ ಎಂದು ಬಾಗಿಲು ಬಡಿದವಳು ನಾನು. ಈಗ ಇವರನ್ನು ಒಂಟಿಯಾಗಿ ಬಿಡಬೇಡಿ ಎಂದು ಅದೇ ಬಾಗಿಲು ಬಡಿಯಬೇಕಾಯಿತು. ರೆಡ್ಡಿಯವರಿಗೆ ಫೋನ್ ಮಾಡಿದೆ. "ನೀವು ಹೇಳಿದ್ದೇ ಆಯ್ತು ಸರ್" ಎಂದೆ. ಅವರು ಹೀಯಾಳಿಸಲಿಲ್ಲ. "ಯಾವತ್ತು ಬರ್ಲಿ ಹೇಳಮ್ಮಾ" ಎಂದರು.

ಬಂದರು. ಕಾರ್ಯದರ್ಶಿಯ ಎದುರು ನಾವಿಬ್ಬರೂ ಕೂತೆವು. ಡಾಕ್ಟರಿಲ್ಲದ ವಾರ್ಡಿಗೆ ನನ್ನ ಹುಡುಗರನ್ನು ಕಳಿಸುವುದಿಲ್ಲ ಎಂದು ನಾನು ಹೇಳಿದೆ. ರೆಡ್ಡಿಯವರು ಗೌತಮನನ್ನು ಕರೆಸಿ ಅವನ ಎದುರಿಗೇ ಕೇಳಿದರು.

"ಏನಪ್ಪಾ, ಡಾಕ್ಟರಿಲ್ಲದೆ ವಾರ್ಡು ನೋಡ್ಕೊಳ್ತೀಯಾ?"

"ಇಲ್ಲ ಸರ್."

"ಯಾಕೆ, ಕೈಲಾಗಲ್ವಾ?"

"ಅದು ನನ್ನ ಕೆಲಸ ಅಲ್ಲ ಸರ್."

ರೆಡ್ಡಿಯವರು ಕಾರ್ಯದರ್ಶಿಯ ಕಡೆ ತಿರುಗಿ, "ಕೇಳಿದ್ರಲ್ಲ. ಇವನು ನಕಲಿ ಅಲ್ಲ. ನಕಲಿ ಆಗಿದ್ರೆ ಹೂಂ ಅಂತಿದ್ದ" ಎಂದರು. ಡ್ಯೂಟಿ ಡಾಕ್ಟರ ನೇಮಕವಾಯಿತು, ಬೇಗನೇನೂ ಅಲ್ಲ. ರೆಡ್ಡಿಯವರು ಆಮೇಲೆ ತಮ್ಮ ನರ್ಸಿಂಗ್ ಹೋಮಿಗೂ ಒಬ್ಬಳನ್ನು ತೆಗೆದುಕೊಂಡರು. ಅವರು ನನ್ನ ಮಾತನ್ನು ಒಪ್ಪಿದರೆಂದು ಹೇಳಲಾರೆ. ಅವಳನ್ನು ತಮ್ಮ ಕಣ್ಣಿನಿಂದ ಆಚೆ ಬಿಡುತ್ತಿರಲಿಲ್ಲ, ಅದೇ ಸರಿಯೂ ಹೌದು.

ಮುಂದೆ ಡಾಕ್ಟರಿಗೆ ಪೂರಕವಾದ ವೃತ್ತಿಗಳಿಗೆಂದು ದೇಶಕ್ಕೇ ಒಂದು ಕಾಯ್ದೆ ಬಂತು. ಅದರ ಪಟ್ಟಿಯಲ್ಲಿ ಈ ವೃತ್ತಿಯ ಹೆಸರಿತ್ತು. ಗೌತಮ ಸಿಹಿ ತಂದಿದ್ದ. ಕಾಯ್ದೆಯಲ್ಲಿ ಹೆಸರು ಬರುವುದಕ್ಕೂ ವಾರ್ಡಿನಲ್ಲಿ ಅದು ನೆಲೆ ನಿಲ್ಲುವುದಕ್ಕೂ ನಡುವೆ ಎಷ್ಟು ದೂರ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಮೇರಿಯಮ್ಮ, ನಾನು, ಅವನು ಆ ಮೈಸೂರುಪಾಕು ತಿಂದೆವು. ಅವನೀಗ ಬೇರೆ ಆಸ್ಪತ್ರೆಯಲ್ಲಿದ್ದಾನೆ, ಕಿರಿಯರಿಗೆ ಕೆಲಸ ಕಲಿಸುತ್ತಾನೆ. ನನ್ನ ಮಂಡಿ ಸೋತ ಮೇಲೆ ನಾನು ಕೆಲಸ ಬಿಟ್ಟೆ.

ಬಿಟ್ಟ ಮೇಲೆ ಒಮ್ಮೆ ಈ ಕೋರ್ಸು ನಡೆಸುವ ಕಾಲೇಜಿನವರು ಹೊಸ ಮಕ್ಕಳ ಜೊತೆ ಮಾತಾಡಲು ಕರೆದರು. ಇಲ್ಲಿ ಬರೆದದ್ದನ್ನೇ ಅಲ್ಲೂ ಹೇಳಿದೆ. ಸಂಬಳ, ವಿದೇಶ, ಮುಂದಿನ ಓದು ಎಂದೆಲ್ಲ ಕೇಳಿದರು, ತಿಳಿದಷ್ಟು ಹೇಳಿದೆ. ಕೊನೆಯ ಸಾಲಿನಿಂದ ಶಿಡ್ಲಘಟ್ಟದ ಹುಡುಗಿಯೊಬ್ಬಳು ಎದ್ದಳು.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ಇಷ್ಟೆಲ್ಲಾ ನೋಡಿದೀರಲ್ಲ, ನಿಮ್ಮ ಮಗಳನ್ನ ಆಗಿದ್ರೆ ಈ ಕೋರ್ಸಿಗೆ ಸೇರಿಸ್ತಿದ್ರಾ?"

ಪ್ರಾಂಶುಪಾಲರು ಅವಳನ್ನು ಕೂರಿಸಲು ಹೊರಟರು. ನಾನು ತಡೆದೆ. ಈ ಪ್ರಶ್ನೆಯನ್ನು ಇಷ್ಟು ವರ್ಷ ನನಗೆ ನಾನೇ ಕೇಳಿಕೊಂಡಿರಲಿಲ್ಲ.

"ಸೇರಿಸ್ತಿದ್ದೆ ಕಣಮ್ಮ" ಎಂದೆ. "ಆದ್ರೆ ಅವಳು ಕೆಲಸಕ್ಕೆ ಸೇರೋ ಮುಂಚೆ ಅಲ್ಲಿನ ಡಾಕ್ಟರನ್ನ ನಾನೇ ಹೋಗಿ ನೋಡ್ಕೊಂಡು ಬರ್ತಿದ್ದೆ. ಗಂಡು ನೋಡೋಕೆ ಹೋದಂಗೆ."

ಮಕ್ಕಳೆಲ್ಲ ನಕ್ಕರು. ಅವಳು ನಗಲಿಲ್ಲ, ಕೂರಲೂ ಇಲ್ಲ.

"ಡಾಕ್ಟರಲ್ಲಿ ಏನ್ ನೋಡ್ಬೇಕು ಮೇಡಂ?"

"ಓದು, ಹೆಸರು, ಕಾರು ಬಿಡು. ಅಲ್ಲಿ ಕೆಲಸ ಮಾಡೋ ನರ್ಸುಗಳನ್ನ, ವಾರ್ಡಿನೋರನ್ನ ಕೇಳು. ಏನಾದ್ರೂ ಎಡವಟ್ಟಾಗಿ ಜನ ಕೂಗಾಡ್ಕೊಂಡು ಬಂದ ದಿನ ಡಾಕ್ಟ್ರು ಎಲ್ಲಿ ನಿಂತಿದ್ರು ಅಂತ ಕೇಳು. ನಮ್ಮ ಜೊತೆನೇ ಅಂತ ಅವರು ತಕ್ಷಣ ಹೇಳಿದ್ರೆ ಸೇರ್ಕೋ. ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರೆ ವಾಪಸ್ ಬಸ್ಸು ಹತ್ತು."